ಬಲಗಡೆಯ ರೆಕ್ಕೆ

ಹೋದ ತಿಂಗಳು ರೋಣದ ಸಂತೆಯಲ್ಲಿ ಒಂದು ಕೋಳಿಯನ್ನು ಕೈಗೆತ್ತಿಕೊಂಡೆ. ತೂಕ ನೋಡಲಿಲ್ಲ, ಕಣ್ಣು ನೋಡಲಿಲ್ಲ. ಮೊದಲು ಅದರ ಬಲಗಡೆಯ ರೆಕ್ಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಮಾರುವಾಕೆ ನಕ್ಕಳು. “ರೆಕ್ಕಿ ಏನ್ ನೋಡಾಕತ್ತೀರಿ ಬಾಯಾರ? ತಿನ್ನೂದು ತೊಡಿ ಅಲ್ಲೇನ್ರಿ?” ಅಕ್ಕಪಕ್ಕ ಕೂತವರೂ ನಕ್ಕರು. ಕೋಳಿ ಕೊಳ್ಳದೆ ಎದ್ದು ಬಂದೆ. ಬೆಳಿಗ್ಗೆ ಒಂದು ಸಣ್ಣ ಮಳೆ ಬಂದು ಹೋಗಿತ್ತು. ಕೈಗೆ ಹತ್ತಿದ ತೊಯ್ದ ಪುಕ್ಕದ ವಾಸನೆ ಸೆರಗಿಗೆ ಒರೆಸಿಕೊಂಡರೂ ಹೋಗಲಿಲ್ಲ. ಬಸ್ಸು ಗಜೇಂದ್ರಗಡ ಮುಟ್ಟುವವರೆಗೂ ನನಗೆ ಯಾವಗಲ್ಲು ಎಂಬ ಹಳ್ಳಿಯಲ್ಲಿ ಕಳೆದ ಒಂದು ಮಳೆಗಾಲದ್ದೇ ನೆನಪು.

ನಾನು ಯಾರನ್ನೂ ಲಗೂ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗದಗಿನ ನಮ್ಮ ತವರುಮನೆಯಲ್ಲಿ ಅಂಗಡಿಯಿಂದ ತಂದ ಬೇಳೆಯನ್ನು ಇನ್ನೊಮ್ಮೆ ತೂಗಿಯೇ ಡಬ್ಬಿಗೆ ಹಾಕುತ್ತಿದ್ದರು. ಹಾಲಿನವನು ಓಣಿ ದಾಟುವ ಮೊದಲು ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನಮ್ಮವ್ವ ತಮ್ಮ ಹಲ್ಲನ್ನೂ ಎಣಿಸಿರಬೇಕು ಎಂದು ನನ್ನ ಗಂಡ ಈಗಲೂ ಚೇಷ್ಟೆ ಮಾಡುತ್ತಾರೆ. ನಾನು ನಗುವುದಿಲ್ಲ. ಎಣಿಸಿದ್ದರೆ ತಪ್ಪೇನು ಎಂದು ನನಗೆ ಒಳಗೊಳಗೆ ಅನಿಸುತ್ತದೆ.

ಗಂಡ ಲೈನ್‌ಮನ್. ಅವರಿಗೆ ಯಾವಗಲ್ಲಿಗೆ ವರ್ಗವಾದಾಗ ಮಗಳಿಗೆ ನಾಲ್ಕು ವರ್ಷ. ಊರಿನ ಅಂಚಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಹಿತ್ತಲಿನ ಆಚೆ ಎದೆಮಟ್ಟದ ಮಣ್ಣಿನ ಗೋಡೆ, ಗೋಡೆಯ ಆಚೆ ಗೌಡರ ಎರೆಹೊಲ. ಮಗಳು ಊಟ ಸೇರದೆ ಸೊರಗಿದ್ದಳು. ದಿನಕ್ಕೊಂದು ತತ್ತಿ ಕೊಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅಂಗಡಿಯ ತತ್ತಿಯನ್ನು ನಾನು ನೀರಿನಲ್ಲಿ ಮುಳುಗಿಸಿ ನೋಡುತ್ತಿದ್ದೆ, ತೇಲಿದರೆ ಹೊಳ್ಳಿ ಒಯ್ದು ಕೊಡುತ್ತಿದ್ದೆ. ಹದಿನೈದು ದಿನದಲ್ಲಿ ಅಂಗಡಿಯವನಿಗೆ ನನ್ನ ಮುಖ ಕಂಡರಾಗದಂತೆ ಆಯಿತು.

ಇದನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡವಳು ಪಕ್ಕದ ಮನೆಯ ಹುಸೇನಮ್ಮ. ಅರವತ್ತು ದಾಟಿದ ವಿಧವೆ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಆಕೆಯ ಕೆಲಸ. ಒಂದು ದಿನ ಕೆಂಪು ಕೋಳಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದಳು. “ಒಂದ ಕಾವಿಗೆ ಹುಟ್ಟಿದ ಅಕ್ಕತಂಗೇರು ಎರಡು ಅದಾವ. ಒಂದು ನಿಮ್ಮ ಕೂಸಿಗೆ ಇರ್ಲಿ ತಗೋ ನನ್ನವ್ವ. ದಿನಾ ನೀರಾಗ ತತ್ತಿ ತೇಲಿ ಬಿಡೂದು ತಪ್ಪತೈತಿ.”

ಪುಕ್ಕಟೆ ಯಾಕೆ ಕೊಡುತ್ತಾಳೆ? ನನಗೆ ಮೊದಲು ಬಂದ ವಿಚಾರ ಇದು. ಕೋಳಿಯನ್ನು ನೆಲಕ್ಕೆ ಬಿಟ್ಟು ಕುಂಟುತ್ತದೆಯೇ ನೋಡಿದೆ. ಕಣ್ಣಿನ ರೆಪ್ಪೆ ನೋಡಿದೆ. ರೋಗದ್ದಿರಬಹುದು ಎಂದು ಮೂರು ದಿನ ಮಗಳಿಂದ ದೂರ ಬುಟ್ಟಿಯ ಕೆಳಗೆ ಇಟ್ಟೆ. ನಾಲ್ಕನೆಯ ದಿನ ಅದು ತತ್ತಿ ಇಟ್ಟಿತು. ಋಣ ಬೇಡವೆಂದು ನನ್ನ ಹಳೆಯ ಸೀರೆಗಳ ಗಂಟೊಂದನ್ನು ಕೌದಿಗೆಂದು ಹುಸೇನಮ್ಮನಿಗೆ ಕೊಟ್ಟು ಕೈ ತೊಳೆದುಕೊಂಡೆ. ಮಗಳು ಕೋಳಿಗೆ ಕೆಂಪಿ ಎಂದು ಹೆಸರಿಟ್ಟಳು.

ಜೂನಿನಲ್ಲಿ ಮಿರಗದ ಮಳೆ ಚೆನ್ನಾಗಿ ಹಿಡಿದ ಮೇಲೆ ಗೌಡರ ಆಳು ಓಣಿಯಲ್ಲಿ ಸಾರಿ ಹೋದ: “ನಾಳಿಂದ ಹೆಸರು ಬಿತ್ತತೇವ್ರಿ. ಕೋಳಿ ಕತ್ತರಿಸ್ಕೋರಿ.” ನಾನು ಓಡಿ ಹೋಗಿ ಕೆಂಪಿಯನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟೆ. ಆಮೇಲೆ ಗೊತ್ತಾಯಿತು, ಕತ್ತರಿಸುವುದು ಕೋಳಿಯನ್ನಲ್ಲ, ರೆಕ್ಕೆಯನ್ನು. ಗೋಡೆ ಹಾರಿ ಹೋಗಿ ಬಿತ್ತಿದ ಬೀಜ ಕೆದರಬಾರದೆಂದು ಬಿತ್ತಿಗೆಗೆ ಮುಂಚೆ ಓಣಿಯ ಕೋಳಿಗಳ ರೆಕ್ಕೆ ಕತ್ತರಿಸಬೇಕು. ಕತ್ತರಿಸುವ ಕೈ ಹುಸೇನಮ್ಮನದೇ. ಬೇರೆ ಯಾರೂ ಮಾಡುತ್ತಿರಲಿಲ್ಲ. ಆಕೆ ಕತ್ತರಿಸಿದ್ದಾಳೆಂದರೆ ಗೌಡರು ಮುಂದೆ ಮಾತಾಡುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಆಕೆಯ ಕಟ್ಟೆಯ ಮುಂದೆ ಹೆಂಗಸರ ಸಾಲು. ಒಬ್ಬೊಬ್ಬರ ಬಗಲಲ್ಲಿ ಎರಡು, ಮೂರು ಕೋಳಿ. ಹುಸೇನಮ್ಮ ಕೋಳಿಯ ತಲೆಯನ್ನು ತನ್ನ ಸೆರಗಿನಿಂದ ಮುಚ್ಚುತ್ತಿದ್ದಳು. ಕತ್ತಲಾದ ಕೂಡಲೆ ಅದು ಒದ್ದಾಟ ಬಿಟ್ಟು ಸುಮ್ಮನಾಗುತ್ತಿತ್ತು. ಬಲಗಡೆಯ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ, ಉದ್ದನೆಯ ಪುಕ್ಕಗಳನ್ನು ಕೌದಿ ಕತ್ತರಿಯಿಂದ ಒಂದೇ ಗೆರೆಯಲ್ಲಿ ಕಡಿಯುತ್ತಿದ್ದಳು. ಎಡಗಡೆಯದನ್ನು ಮುಟ್ಟುತ್ತಲೇ ಇರಲಿಲ್ಲ.

“ಒಂದ ಕಡಿ ಯಾಕ್ರಿ?” ನಾನು ಕೇಳಿದೆ. ಅರ್ಧ ಕೆಲಸ ಮಾಡಿ ಬಿಡುತ್ತಿದ್ದಾಳೆ ಎಂದು ನನ್ನ ಅನುಮಾನ.

“ಎರಡೂ ಕಡಿ ಕತ್ತರಿಸಿದ್ರ ತೂಕ ಸಮ ಆಗಿ ಹ್ಯಾಂಗೋ ಗ್ವಾಡಿ ಏರತಾವ. ಒಂದ ಕಡಿ ಕತ್ತರಿಸಿದ್ರ ವಾಲಿ ಇಲ್ಲೇ ಬೀಳತಾವ. ನೋಡ್ಕೋ ಬೇಕಾದ್ರ,” ಎಂದು ಕೆಂಪಿಯನ್ನು ಎತ್ತಿ ಬಿಟ್ಟಳು. ಕೆಂಪಿ ರೆಕ್ಕೆ ಬಡಿದು ಒಂದು ಸುತ್ತು ತಿರುಗಿ ಅಲ್ಲೇ ಇಳಿಯಿತು. ಎದುರುಮನೆಯ ಯಲ್ಲವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೂ ಮನೆಗೆ ಬಂದು ನಾನು ಕತ್ತರಿಸಿದ ಪುಕ್ಕಗಳನ್ನು ಎಣಿಸಿದೆ.

ಶ್ರಾವಣದಲ್ಲಿ ತಂಗಿಯ ಬಾಣಂತನಕ್ಕೆಂದು ಮಗಳನ್ನು ಕರೆದುಕೊಂಡು ಗದಗಿಗೆ ಹೋಗಬೇಕಾಯಿತು. ಕೋಳಿಯನ್ನು ಯಾರ ಹತ್ತಿರ ಬಿಡುವುದು? ಗಂಡನಿಗೆ ಕಂಬ ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ. ಹುಸೇನಮ್ಮ ತಾನೇ ಕೇಳಿ ಒಯ್ದಳು. ಹೊರಡುವ ಮುಂಚೆ ಮಗಳು ಕೆಂಪಿಯನ್ನು ಅಪ್ಪಿಕೊಂಡು ನಿಂತಳು, ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಪ್ರೀತಿಗೆ ತೆಗೆದೆ ಎಂದು ಮಗಳು ತಿಳಿದಳು. ಗುರುತಿಗೆ ಇರಲಿ ಎಂದು ತೆಗೆದದ್ದು ನನಗೊಬ್ಬಳಿಗೇ ಗೊತ್ತಿತ್ತು.

ಒಂದೂವರೆ ತಿಂಗಳು ಬಿಟ್ಟು ಬಂದಾಗ ಮಳೆ ಹೊಳವಾಗಿತ್ತು. ಓಣಿಯ ತುಂಬ ಹೆಸರಿನ ಕಾಯಿ ಹರವಿದ್ದರು, ಬಿಸಿಲಿಗೆ ಚಟಚಟ ಸಿಡಿಯುತ್ತಿದ್ದವು. ಚೀಲ ಇಳಿಸುವಷ್ಟರಲ್ಲಿ ಹುಸೇನಮ್ಮ ಕೋಳಿ ತಂದಳು. ನಾನು ನೋಡಿದೆ. ಅದು ಕೆಂಪಿಯ ಹಾಗಿರಲಿಲ್ಲ. ಮೈ ಇಳಿದಿತ್ತು. ತಲೆಯ ಮೇಲಿನ ಜುಟ್ಟು ಮುದುಡಿ ಬಿಳುಚಿಕೊಂಡಿತ್ತು. ಬಲಗಡೆಯ ರೆಕ್ಕೆ ಬಿಡಿಸಿದೆ. ಕತ್ತರಿಸಿದ ಗೆರೆ ಇಲ್ಲ. ಮಿರಿಮಿರಿ ಮಿಂಚುವ ಹೊಸ ಪುಕ್ಕ, ಅರ್ಧಕ್ಕೂ ಮೇಲೆ ಬೆಳೆದು ನಿಂತಿದ್ದವು.

“ಪುಕ್ಕಾ ಉದರ್ಸೈತವ್ವಾ. ಅದಕ್ಕ ತತ್ತೀನೂ ಬಿಟ್ಟೈತಿ,” ಎಂದಳು ಹುಸೇನಮ್ಮ. “ಹೊಸಾ ಪುಕ್ಕದಾಗ ರಕ್ತ ಇರತೈತಿ, ಈಗ ಕತ್ತರಿ ಹಚ್ಚಬಾರ್ದು. ಗಟ್ಟಿ ಆಗ್ಲಿ, ಕಡ್ಲಿ ಬಿತ್ತೂದ್ರಾಗ ಕತ್ತರಿಸಿ ಕೊಡ್ತೀನಿ.”

ನಾನು ಹ್ಞೂಂ ಎಂದೆ. ಒಳಗೆ ಬಂದು ಮೊಬೈಲ್ ತೆಗೆದೆ. ಫೋಟೋದಲ್ಲಿ ಕೆಂಪಿಯ ಜುಟ್ಟು ದಾಸವಾಳದಷ್ಟು ಕೆಂಪು.

ಮೂರು ದಿನ ನಾನು ಬೇರೆ ಕೆಲಸ ಮಾಡಲಿಲ್ಲ ಎಂದರೂ ನಡೆದೀತು. ಬಟ್ಟೆ ಒಣಹಾಕುವ ನೆವ ಮಾಡಿ ಹುಸೇನಮ್ಮನ ಹಿತ್ತಲನ್ನೇ ನೋಡಿದೆ. ಅಲ್ಲಿ ಆಕೆಯ ಕೆಂಪು ಕೋಳಿ ಕುಣಿದಾಡುತ್ತಿತ್ತು. ಜುಟ್ಟು ಕೆಂಪಗಿತ್ತು, ಬಲಗಡೆಯ ರೆಕ್ಕೆಯ ಕತ್ತರಿಸಿದ ಗೆರೆ ನೀಟಾಗಿ ಹಾಗೇ ಇತ್ತು, ತತ್ತಿ ಇಟ್ಟು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ನನಗೆ ಎಲ್ಲ ತಿಳಿದು ಹೋಯಿತು. ಆಕೆಯ ಕೋಳಿ ಬಂಜೆಯಾಗಿದೆ, ನನ್ನದು ತತ್ತಿ ಇಡುತ್ತಿದೆ, ಅಕ್ಕತಂಗಿಯರಂತೆ ಎರಡೂ ಒಂದೇ ಥರ ಇವೆ. ಅದಲುಬದಲು ಮಾಡಿದ್ದಾಳೆ. ಕೊಡುವಾಗಲೇ ಅಕ್ಕತಂಗೇರು ಎಂದು ಹೇಳಿ ಕೊಟ್ಟಿದ್ದಳಲ್ಲ, ಅವತ್ತೇ ಈ ವಿಚಾರ ಇತ್ತೋ ಏನೋ. ಕತ್ತರಿ ಯಾರ ಕೈಯಲ್ಲಿದೆಯೋ ಗುರುತೂ ಅವರ ಕೈಯಲ್ಲೇ.

ಗಂಡನಿಗೆ ಹೇಳಿದೆ. “ಒಂದು ಕೋಳಿ ಬಿಟ್ಟಿದ್ದಿ, ಒಂದು ಕೋಳಿ ಬಂದೈತಿ. ಸುಮ್ನಿರು,” ಎಂದರು. ರಮಜಾನಿಗೆ ಹುಸೇನಮ್ಮ ಕೊಟ್ಟ ಸುರಕುಂಬಾ ಪಾಯಸವನ್ನು ಎರಡು ಬಟ್ಟಲು ಕುಡಿದವರು ಇವರು, ಹಾಗೆಯೇ ಅನ್ನುತ್ತಾರೆ ಎಂದುಕೊಂಡೆ. ಮಗಳು ಮಾತ್ರ ಬುಟ್ಟಿಯ ಮುಂದೆ ಕೂತು, “ಅವ್ವಾ, ಇದು ನಮ್ಮ ಕೆಂಪೀನ. ಕರದ್ರ ಬರತೈತಿ ನೋಡು,” ಎಂದಳು. ಕರೆದಳು, ಅದು ಬಂತು. ಕೈಯಲ್ಲಿ ಜೋಳ ಇದ್ದರೆ ಯಾವ ಕೋಳಿಯಾದರೂ ಬರುತ್ತದೆ ಎಂದೆ. ಅವಳ ಕೈಯಲ್ಲಿ ಜೋಳ ಇತ್ತೇ ಎಂದು ನಾನು ನೋಡಲಿಲ್ಲ. ಎಲ್ಲವನ್ನೂ ನೋಡುವ ನಾನು ಅದೊಂದನ್ನು ನೋಡಲಿಲ್ಲ.

ಮರುದಿನ ಮುಂಜಾನೆ ಹೆಂಗಸರೆಲ್ಲ ಹೆಸರಿನ ಕಾಯಿ ಹರವುತ್ತಿದ್ದಾಗ ಹುಸೇನಮ್ಮನ ಕಟ್ಟೆಯ ಮೇಲೆ ಹತ್ತಿ ನಿಂತೆ. ಬಗಲಲ್ಲಿ ಕೋಳಿ, ಕೈಯಲ್ಲಿ ಮೊಬೈಲ್.

“ಇದು ನಂದಲ್ಲ. ನನ್ನ ಕೋಳಿ ನಿನ್ನ ಬುಟ್ಟ್ಯಾಗೈತಿ. ನಂದು ನನಗ ಕೊಡು.”

ಅಲ್ಲಿಯವರೆಗೆ ಆಕೆಗೆ ‘ರಿ’ ಹಚ್ಚದೆ ಮಾತಾಡಿದವಳಲ್ಲ ನಾನು. ಅವತ್ತು ಅದು ಎಲ್ಲಿಗೆ ಹೋಯಿತೋ. ಆಕೆಯ ಹೆಸರು ಹುಸೇನಮ್ಮ ಅಲ್ಲದೆ ಬೇರೆ ಏನಾದರೂ ಇದ್ದಿದ್ದರೆ ಅಷ್ಟು ಲಗೂ ಅನ್ನುತ್ತಿದ್ದೆನೇ ಎಂದು ಆಮೇಲೆ ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಸೇರುವಂಥದ್ದಲ್ಲ.

ಹುಸೇನಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. “ಏನಂತಿ ಯವ್ವಾ? ಪುಕ್ಕಾ ಉದರೈತಂತ ಹೇಳೀನಲ್ಲ?”

“ಉದರೂದು ನಾ ಕಂಡಿಲ್ಲ. ಫೋಟೋ ಐತಿ, ಎಲ್ಲಾರೂ ನೋಡ್ರಿ,” ಎಂದು ಮೊಬೈಲನ್ನು ಹೆಂಗಸರ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಯಿತು. ಯಲ್ಲವ್ವ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಒಮ್ಮೆ ಅದನ್ನೂ ಒಮ್ಮೆ ನನ್ನ ಬಗಲಿನ ಕೋಳಿಯನ್ನೂ ನೋಡಿದಳು. “ಜುಟ್ಟು ಬ್ಯಾರೆ ಐತಿ ಬಿಡವ್ವಾ,” ಎಂದಳು.

ಹುಸೇನಮ್ಮ ಮೊಬೈಲ್ ಕಡೆಗೆ ಕಣ್ಣು ಹಾಯಿಸಲಿಲ್ಲ. ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. “ಯಲ್ಲವ್ವಾ, ನೀನರ ಹೇಳು ಇಕೀಗೆ,” ಎಂದಳು. ಯಲ್ಲವ್ವ ಬಗ್ಗಿ ಹೆಸರಿನ ಕಾಯಿಯಲ್ಲಿ ಕೈಯಾಡಿಸತೊಡಗಿದಳು. ಹುಸೇನಮ್ಮ ಒಳಗೆ ಹೋಗಿ ತನ್ನ ಕೋಳಿ ತಂದು ನನ್ನ ಕೈಯಲ್ಲಿಟ್ಟಳು. ನನ್ನ ಬಗಲಲ್ಲಿದ್ದದ್ದನ್ನು ತಾನು ತೆಗೆದುಕೊಂಡಳು. “ತಗೋ. ಕೂಸಿಗೆ ತತ್ತಿ ಆಗ್ಲಿ,” ಎಂದಷ್ಟೇ ಅಂದಳು.

ಸುಳ್ಳು ಹೇಳುವುದಿಲ್ಲ, ಮನೆಗೆ ಬಂದು ಖುಷಿಯಿಂದ ಚಹಾ ಕುಡಿದೆ. ತನ್ನದೇ ಆಗಿದ್ದರೆ ಇಷ್ಟು ಸುಲಭಕ್ಕೆ ಯಾರು ಕೊಡುತ್ತಿದ್ದರು, ಜಗಳ ಮಾಡದೆ ಕೊಟ್ಟಳಲ್ಲ, ಅಲ್ಲಿಗೆ ತಪ್ಪು ಒಪ್ಪಿಕೊಂಡ ಹಾಗೇ ಆಯಿತು ಎಂದು ಗಂಡನಿಗೆ ಬಿಡಿಸಿ ಹೇಳಿದೆ. ಅವರು ಊಟ ಮುಗಿಸಿ ಎದ್ದು ಹೋದರು.

ಹೆಸರು ರಾಶಿಯಾಗಿ, ಹೊಲ ಹರಗಿ, ಹಿಂಗಾರಿ ಕಡ್ಲಿ ಬಿತ್ತುವ ಹೊತ್ತು ಬಂತು. ಗೌಡರ ಆಳು ಮತ್ತೆ ಸಾರಿ ಹೋದ. ಮರುದಿನ ಬೆಳಿಗ್ಗೆ ಹುಸೇನಮ್ಮ ಕಟ್ಟೆ ಸಾರಿಸಿ, ಕತ್ತರಿ ಇಟ್ಟುಕೊಂಡು ಕೂತಳು. ಬಿಸಿಲು ಕಟ್ಟೆಯಿಂದ ಇಳಿದು ಓಣಿಗೆ ಬಂತು. ಒಬ್ಬರೂ ಬರಲಿಲ್ಲ. ತಮ್ಮ ತಮ್ಮ ಹಿತ್ತಲಿನಲ್ಲಿ ತಾವೇ ಕೋಳಿ ಹಿಡಿದು ಒದ್ದಾಡುತ್ತಿದ್ದರು. ಒಂದು ಮನೆಯಲ್ಲಿ ಎರಡೂ ರೆಕ್ಕೆ ಕತ್ತರಿಸಿದರಂತೆ, ಮಧ್ಯಾಹ್ನಕ್ಕೇ ಅವರ ಕೋಳಿ ಗೌಡರ ಹೊಲದಲ್ಲಿತ್ತು. ಇನ್ನೊಬ್ಬರು ಬುಡಕ್ಕೇ ಕತ್ತರಿ ಹಾಕಿ ರಕ್ತ ಸುರಿದು ಅರಿಶಿಣ ಒತ್ತುತ್ತ ಕೂತಿದ್ದರು. ಹುಸೇನಮ್ಮ ಮಧ್ಯಾಹ್ನದ ನಮಾಜಿಗೆ ಎದ್ದವಳು ಮತ್ತೆ ಹೊರಗೆ ಬರಲಿಲ್ಲ.

ನಾನು ಯಲ್ಲವ್ವನ ಹಿತ್ತಲಿಗೆ ಹೋದೆ. ಅವಳು ಮೊಣಕಾಲಿನ ನಡುವೆ ಕೋಳಿ ಒತ್ತಿಕೊಂಡಿದ್ದಳು.

“ಮಿರಗದಾಗ ಒಮ್ಮಿ ಕತ್ತರಿಸಿದ್ದಾತಲ್ಲವ್ವಾ. ಮತ್ತ್ಯಾಕ?”

“ಮಳಿಗಾಲದಾಗ ಹಳೇ ಪುಕ್ಕಾ ಉದರಿ ಹೊಸಾವು ಬರತಾವಲ್ಲ. ವರ್ಷಾ ಇದ್ದದ್ದ ಇದು.” ತಲೆ ಎತ್ತದೆ ಹೇಳಿದಳು.

“ಹಂಗಾರ ನನ್ನ ಕೋಳಿ?”

“ನಿಂದೂ ಹಂಗ ಉದರ್ಸಿರಬೇಕು. ಪುಕ್ಕಾ ಉದರಿದ್ರ ಜುಟ್ಟು ಬಾಡತೈತಿ, ತತ್ತಿ ನಿಲ್ಲತಾವ.”

“ಮತ್ತ ಅವತ್ತ ಯಾಕ ಹೇಳಲಿಲ್ಲ ನೀನು?”

ಯಲ್ಲವ್ವ ಕತ್ತರಿ ಕೆಳಗಿಟ್ಟಳು. “ನೀ ಕೇಳಾಕ ಬಂದಿರಲಿಲ್ಲ, ಹೇಳಾಕ ಬಂದಿದ್ದಿ. ಮತ್ತ... ಹೋದ ವರ್ಷ ನಮ್ದೂ ಎರಡು ಕೋಳಿ ಹೋದ್ವು. ಬಾಜೂ ಮನೀದು ಒಂದು ಹೋತು. ಎಲ್ಲಿ ಹೋದ್ವು ಅಂತ ಯಾರಿಗೆ ಗೊತ್ತು? ಯಾರರ ಒಬ್ಬರು ಅಂದ್ರ ಅನ್ಲಿ ಅಂತ ಸುಮ್ನಾದ್ವಿ.”

ಅಂದರೆ ಆ ಓಣಿಯಲ್ಲಿ ಹುಸೇನಮ್ಮನ ಮೇಲೆ ಅನುಮಾನ ಮೊದಲೇ ಇತ್ತು. ಬಾಯಿ ಬಿಡಲು ಊರಿಗೆ ಹೊಸಬಳೊಬ್ಬಳು ಬೇಕಾಗಿತ್ತು. ನಾನೇ ಜಾಣೆ ಎಂದುಕೊಂಡು ಕಟ್ಟೆ ಹತ್ತಿದ್ದೆ. ಬೆಕ್ಕು, ನಾಯಿ, ಮುಂಗಸಿ ಎಷ್ಟೋ ಕೋಳಿ ಒಯ್ಯುತ್ತವೆ, ಆದರೆ ಅವುಗಳ ಕಟ್ಟೆಯ ಮುಂದೆ ನಿಂತು ಕೇಳಲು ಬರುವುದಿಲ್ಲ.

ಆದರೂ ನನ್ನ ಹಣೆಬರಹ ನೋಡಿ, ಯಲ್ಲವ್ವನ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಈಗ ಈಕೆ ಯಾಕೆ ಹೀಗೆ ಹೇಳುತ್ತಿದ್ದಾಳೆ, ಇದರಲ್ಲಿ ಈಕೆಯ ಲಾಭ ಏನಿರಬಹುದು ಎಂದು ಎರಡು ದಿನ ವಿಚಾರ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಬುಟ್ಟಿ ಎತ್ತಿದಾಗ ಕೆಳಗೆ ಪುಕ್ಕ ಬಿದ್ದಿದ್ದವು. ಹುಸೇನಮ್ಮನಿಂದ ಕಸಿದು ತಂದ ಕೋಳಿಯ ಪುಕ್ಕ. ಎರಡು ಉದ್ದನೆಯವು, ತುದಿಗೆ ಕತ್ತರಿ ಹಾಕಿದ ಮೊಂಡು ಗೆರೆ ಇನ್ನೂ ಹಾಗೇ ಇತ್ತು. ಮರುದಿನ ಇನ್ನೂ ಮೂರು. ವಾರದಲ್ಲಿ ತತ್ತಿ ನಿಂತಿತು, ಜುಟ್ಟು ಬಿಳುಚಿತು. ಕತ್ತರಿಸಿದ ಜಾಗದಲ್ಲಿ ಹೊಸ ಪುಕ್ಕದ ಕಡ್ಡಿಗಳು ನೀಲಿಗಟ್ಟಿ ಮೂಡಿದ್ದವು. ಮುಟ್ಟಿ ನೋಡಿದೆ, ಬೆಚ್ಚಗಿದ್ದವು. ಆಕೆ ಹೇಳಿದ ರಕ್ತ ಒಳಗಿತ್ತು. ಹಿತ್ತಲಿನಲ್ಲಿ ಕೂತು ನಾನು ಅತ್ತೆ.

ಮಧ್ಯಾಹ್ನ ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಸೇನಮ್ಮನ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೇ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

“ಇದು ನಿಮ್ದರಿ. ನಂದು ತಪ್ಪಾತ್ರಿ,” ಎಂದೆ.

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಬೇಯಿಸಿ ಇಳಿಸಿದಳು. ಆಮೇಲೆ ಎದ್ದು ಕೋಳಿಯನ್ನು ತೆಗೆದುಕೊಂಡು ಹಿತ್ತಲಿಗೆ ಬಿಟ್ಟಳು. ಬುಟ್ಟಿಯಿಂದ ನನ್ನ ಕೆಂಪಿಯನ್ನು ತಂದು ನನ್ನ ಕೈಗಿಟ್ಟಳು. ಜುಟ್ಟು ಮತ್ತೆ ಕೆಂಪಗಾಗಿತ್ತು, ಮೈ ತುಂಬಿತ್ತು. ಬಲಗಡೆಯ ರೆಕ್ಕೆಯ ಹೊಸ ಪುಕ್ಕ ಕತ್ತರಿಸಿದ್ದಳು. ಓಣಿಯವರು ಯಾರೂ ಬಾರದ ಆ ದಿನ ಆಕೆ ಕತ್ತರಿಸಿದ್ದು ಇದೊಂದನ್ನೇ ಇರಬೇಕು.

“ನಿಂದ ನೀ ಒಯ್ಯಿ,” ಎಂದಳು. “ಕೋಳಿ ಮಾತು ಬಿಡು. ಅವತ್ತ ಕಟ್ಟಿ ಮ್ಯಾಲ ನಿಂತು ಅಂದಿ. ಇವತ್ತ ಅಡಗಿಮನ್ಯಾಗ ಬಂದು ಅಂತಿ. ನಾ ಕೇಳೀನಿ, ಆತು. ಕೇಳಬೇಕಾದವ್ರು ಹೊರಗ ಅದಾರ.”

“ಅಂತೀನ್ರಿ. ಈಗ ಹೋಗಿ ಅಂತೀನಿ.”

“ಅನ್ನು. ನನಗ ಬ್ಯಾರೆ ಏನೂ ಬ್ಯಾಡ. ಮುಂದಿನ ಮಿರಗಕ್ಕ ನಾಕು ಮಂದಿ ಕೋಳಿ ತಂದು ಕಟ್ಟಿ ಮುಂದ ನಿಂತ್ರ ಸಾಕು.”

ಮುಂಬಾಗಿಲಿನಿಂದಲೇ ಹೊರಗೆ ಬಂದೆ. ಹೇಳಬೇಕೆಂದೇ ಬಂದೆ, ಇದನ್ನು ನೀವು ನಂಬಬೇಕು. ಅಷ್ಟರಲ್ಲಿ ನಳದ ನೀರು ಬಂದಿತ್ತು. ಯಲ್ಲವ್ವ ಸೇರಿ ಏಳೆಂಟು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಬಗಲಿನ ಕೋಳಿಯ ಮೇಲೆ ಬಿದ್ದವು. ಹುಸೇನಮ್ಮ ನನ್ನ ಬೆನ್ನ ಹಿಂದೆ ಬಾಗಿಲಿಗೆ ಬಂದು ನಿಂತದ್ದು ಹೆಜ್ಜೆ ಸಪ್ಪಳದಿಂದ ಗೊತ್ತಾಯಿತು.

“ಅಯ್ಯ, ಇದನ್ನೂ ಕೊಟ್ಲೇನು?” ಎಂದಳು ಯಲ್ಲವ್ವ. “ಅಂದ್ರ ಇದೂ ನಿಂದ ಏನು?”

ಒಂದೇ ಮಾತು ಹೇಳಬೇಕಿತ್ತು. ಬಾಯಿ ತೆರೆದೆ. ಏಳೆಂಟು ಮುಖಗಳು ನನ್ನನ್ನೇ ನೋಡುತ್ತಿದ್ದವು. ಕಟ್ಟೆ ಹತ್ತಿ ಮೊಬೈಲ್ ತೋರಿಸಿದವಳು ಇವಳೇ ಎಂದು ನಾಳೆಯಿಂದ ಇವರು ನನ್ನ ಬೆನ್ನ ಹಿಂದೆ ಏನೇನು ಅನ್ನಬಹುದು, ಹಾಲಿನವನಿಂದ ಹಿಡಿದು ಅಂಗಡಿಯವನವರೆಗೆ ಯಾರ್ಯಾರು ನಗಬಹುದು, ಎಲ್ಲ ನನಗೆ ಆ ಕ್ಷಣದಲ್ಲೇ ಕೇಳಿಸಿಬಿಟ್ಟಿತು.

“ಹ್ಞೂಂ,” ಎಂದೆ. “ಇದೂ ನಂದ.”

ಹಿಂದೆ ಬಾಗಿಲು ಮುಚ್ಚಿತು. ಜೋರಾಗಿ ಏನಲ್ಲ, ದಿನಾ ಮುಚ್ಚುವ ಹಾಗೆಯೇ. ನಾನು ಕೆಂಪಿಯನ್ನು ಮನೆಗೆ ತಂದು ಬುಟ್ಟಿಯ ಕೆಳಗೆ ಬಿಟ್ಟೆ. ಮರುದಿನ ಬೆಳಿಗ್ಗೆ ಅದು ತತ್ತಿ ಇಟ್ಟಿತ್ತು. ಕುದಿಸಿ, ಸಿಪ್ಪೆ ಬಿಡಿಸಿ, ಉಪ್ಪು ಹಚ್ಚಿ ಮಗಳಿಗೆ ಕೊಟ್ಟೆ. ಅವಳು ತಿಂದು ಮುಗಿಸಿ, “ಕೆಂಪೀನ ಹುಸೇನಮ್ಮ ಚಲೋ ಜ್ವಾಕಿ ಮಾಡ್ಯಾಳ ಅಲ್ಲೇನವ್ವಾ?” ಎಂದು ಕೇಳಿದಳು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.